90 ಜಿಬಿ ಮದುವೆ, 400 ಎಂಬಿ ಸಿನಿಮಾ: ಹ್ಯಾಂಡ್‌ಬ್ರೇಕ್ ಎಷ್ಟರ ಮಟ್ಟಿಗೆ ಕೆಲಸಕ್ಕೆ ಬರುತ್ತದೆ?

ಪೂರ್ತಿ ಸಿನಿಮಾವನ್ನು ಪುಟ್ಟ ಫೈಲ್ ಮಾಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಯಾರನ್ನೇ ಕೇಳಿ, ಹ್ಯಾಂಡ್‌ಬ್ರೇಕ್ ಹೆಸರು ಬಂದೇ ಬರುತ್ತದೆ. ಬರಬೇಕಾದ್ದೇ. ಕಾಸು ಕೊಡಬೇಕಿಲ್ಲ, ಜಾಹೀರಾತು ಇಲ್ಲ, ವಿಡಿಯೊದ ಮೂಲೆಯಲ್ಲಿ ತನ್ನ ಮುದ್ರೆ ಒತ್ತುವುದಿಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಆದರೆ ಇನ್‌ಸ್ಟಾಲ್ ಮಾಡಿ, ಫೈಲ್ ಎಳೆದು ಹಾಕಿ, ಸೀದಾ ಸ್ಟಾರ್ಟ್ ಒತ್ತಿದರೆ 400 ಎಂಬಿ ಸಿಗುವುದಿಲ್ಲ, ಅದರ ಹಲವು ಪಟ್ಟು ಸಿಗುತ್ತದೆ. ಮೊದಲೇ ಕುಗ್ಗಿದ ಫೈಲ್ ಕೊಟ್ಟರೆ ಮೂಲಕ್ಕಿಂತ ದೊಡ್ಡದು ಹೊರಗೆ ಬಂದರೂ ಬಂತು. ತಪ್ಪು ಸಾಫ್ಟ್‌ವೇರಿನದ್ದಲ್ಲ. ತೆರೆದ ತಕ್ಷಣ ಎದುರಿಗಿರುವ 'ಫಾಸ್ಟ್ 1080ಪಿ30' ಪ್ರೀಸೆಟ್ (ಮೊದಲೇ ಸಿದ್ಧಮಾಡಿಟ್ಟ ಸೆಟ್ಟಿಂಗುಗಳ ಕಟ್ಟು) ಚಿತ್ರದ ಗುಣಮಟ್ಟ ಕಾಪಾಡಲು ಮಾಡಿದ್ದು. ಗಾತ್ರ ಇಳಿಸುವ ಕೆಲಸ ಬಳಸುವವರಿಗೇ ಬಿಟ್ಟದ್ದು.

2003ರಲ್ಲಿ ಎರಿಕ್ ಪೆಟಿಟ್ ಇದನ್ನು ಬಿಓಎಸ್ ಎಂಬ, ಈಗ ಯಾರೂ ಬಳಸದ ಆಪರೇಟಿಂಗ್ ಸಿಸ್ಟಮ್‌ಗೆ ಬರೆದರು. 1.0 ಆವೃತ್ತಿ ಹೊರಬರಲು 2016ರ ಡಿಸೆಂಬರ್ ಆಯಿತು. ಹದಿಮೂರು ವರ್ಷ ಸೊನ್ನೆ ಪಾಯಿಂಟಿನಲ್ಲೇ ಕಾಲ ಹಾಕಿದ ಈ ತಂಡಕ್ಕೆ ಅವಸರ ಅನ್ನುವುದು ಗೊತ್ತಿಲ್ಲ, ಅದು ಒಳ್ಳೆಯದೇ. ಡೌನ್‌ಲೋಡ್ ಮಾತ್ರ ಅದರದ್ದೇ ಹ್ಯಾಂಡ್‌ಬ್ರೇಕ್ ಡಾಟ್ ಎಫ್‌ಆರ್ ತಾಣದಿಂದ ಮಾಡಿಕೊಳ್ಳಿ. ಹುಡುಕಿದರೆ ಇದೇ ಹೆಸರಿನ ಬೇರೆ ತಾಣಗಳೂ ಎದುರಾಗುತ್ತವೆ, ಅತ್ತ ಹೋಗಬೇಡಿ. 2017ರ ಮೇ ತಿಂಗಳಲ್ಲಿ ಇದರ ಒಂದು ಡೌನ್‌ಲೋಡ್ ಸರ್ವರ್‌ಗೇ ಕನ್ನ ಬಿದ್ದು, ಮ್ಯಾಕ್ ಪ್ರತಿಯೊಳಗೆ ಪ್ರೋಟಾನ್ ಎಂಬ ಟ್ರೋಜನ್ (ವೇಷ ಮರೆಸಿಕೊಂಡ ಕುತಂತ್ರಾಂಶ) ಸೇರಿಕೊಂಡಿತ್ತು. ಅಂದಿನಿಂದ ಚೆಕ್‌ಸಮ್ (ಫೈಲ್ ಅಸಲಿಯೇ ಎಂದು ಹೇಳುವ ಗುರುತಿನ ಸಂಖ್ಯೆ) ತಾಳೆ ನೋಡುವುದು ಬರೀ ಶಾಸ್ತ್ರವಾಗಿ ಉಳಿದಿಲ್ಲ. ವಿಂಡೋಸ್‌ನಲ್ಲಿ ಡಾಟ್‌ನೆಟ್ ಡೆಸ್ಕ್‌ಟಾಪ್ ರನ್‌ಟೈಮ್ ಬೇಕು ಎಂದು ಕೇಳಿದರೆ ಗಾಬರಿ ಬೇಡ. ಅದು ಮೈಕ್ರೋಸಾಫ್ಟ್‌ನದ್ದೇ, ಹಾಕಿಕೊಳ್ಳಿ.

ಇನ್ನು ಲೆಕ್ಕ. ಇದೊಂದು ತಲೆಗೆ ಹೋದರೆ ಉಳಿದ ಅರ್ಧ ಕೆಲಸ ತಾನಾಗಿ ಆಗುತ್ತದೆ. ಫೈಲ್ ಗಾತ್ರ ಅಂದರೆ ಬಿಟ್‌ರೇಟನ್ನು (ಒಂದು ಸೆಕೆಂಡಿಗೆ ಖರ್ಚಾಗುವ ಬಿಟ್‌ಗಳನ್ನು) ಸೆಕೆಂಡುಗಳಿಂದ ಗುಣಿಸಿ 8ರಿಂದ ಭಾಗಿಸಿದ್ದು, ಅಷ್ಟೇ. ರೆಸಲ್ಯೂಷನ್ ಈ ಲೆಕ್ಕದೊಳಗೇ ಇಲ್ಲ. ಎರಡೂವರೆ ಗಂಟೆಯ ಸಿನಿಮಾ ಅಂದರೆ 9,000 ಸೆಕೆಂಡು. 400 ಎಂಬಿ ಅಂದರೆ 32 ಲಕ್ಷ ಕಿಲೋಬಿಟ್. ಭಾಗಿಸಿದರೆ ಸೆಕೆಂಡಿಗೆ ಸುಮಾರು 355 ಕಿಲೋಬಿಟ್, ಚಿತ್ರ ಮತ್ತು ಧ್ವನಿ ಎರಡೂ ಸೇರಿ. ಹ್ಯಾಂಡ್‌ಬ್ರೇಕ್ ಡೀಫಾಲ್ಟಾಗಿ ಧ್ವನಿಗೇ 160 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್) ಎತ್ತಿಡುತ್ತದೆ, ಅಂದರೆ 180 ಎಂಬಿ ಅಲ್ಲೇ ಖರ್ಚು. ಹೆಸರಿನಲ್ಲಿ 'ಎಚ್‌ಕ್ಯೂ' ಇರುವ ಪ್ರೀಸೆಟ್ ಆರಿಸಿದರೆ ಸ್ಟೀರಿಯೊ ಜೊತೆಗೆ ಸರೌಂಡ್ ಧ್ವನಿಯೂ ಇನ್ನೊಂದು ಟ್ರ್ಯಾಕಾಗಿ ಸೇರುತ್ತದೆ. 448 ಕೆಬಿಪಿಎಸ್‌ನ ಡಾಲ್ಬಿ 5.1 ಟ್ರ್ಯಾಕ್ ಹಾಗೇ ದಾಟಿ ಬಂದರೆ ಅದೊಂದೇ 504 ಎಂಬಿ. ಚಿತ್ರ ಇನ್ನೂ ಶುರುವೇ ಆಗಿಲ್ಲ, ಬಜೆಟ್ ಮುಗಿದಿದೆ. "ಎಷ್ಟು ಒತ್ತಿದರೂ ಫೈಲ್ ಇಳಿಯುತ್ತಿಲ್ಲ" ಅನ್ನುವವರು ವಿಡಿಯೊ ಟ್ಯಾಬ್ ಬಿಟ್ಟು ಮೊದಲು ಆಡಿಯೊ ಟ್ಯಾಬ್ ತೆರೆಯಲಿ.

ಅಲ್ಲಿ ಮಾಡಬೇಕಾದ್ದು ಇಷ್ಟು. ಒಂದೇ ಟ್ರ್ಯಾಕ್ ಇಟ್ಟುಕೊಳ್ಳಿ, ಮಿಕ್ಸ್‌ಡೌನ್ ಸ್ಟೀರಿಯೊ ಮಾಡಿ. ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ನೋಡುವುದಾದರೆ ಓಪಸ್ ಕೋಡೆಕ್ (ಧ್ವನಿ, ಚಿತ್ರ ಕುಗ್ಗಿಸುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ), 64 ಕೆಬಿಪಿಎಸ್. ಎರಡೂವರೆ ಗಂಟೆಗೆ 72 ಎಂಬಿ ಆಗುತ್ತದೆ, ಮಾತು ಸ್ಪಷ್ಟವಾಗಿರುತ್ತದೆ, ಹಾಡು ಸಹ್ಯವಾಗಿರುತ್ತದೆ. ಆದರೆ ಬಹಳಷ್ಟು ಟಿವಿಗಳಿಗೆ, ಕಾರ್ ಸ್ಟೀರಿಯೊಗಳಿಗೆ ಓಪಸ್ ಅರ್ಥವಾಗುವುದಿಲ್ಲ. ಅವಕ್ಕೆ ಎಎಸಿ, 96ಕ್ಕಿಂತ ಕೆಳಗೆ ಇಳಿಸದೆ. 64ರಲ್ಲೂ ಚೆನ್ನಾಗಿ ಕೇಳುವ ಎಚ್‌ಇ-ಎಎಸಿ ಮ್ಯಾಕ್ ಆವೃತ್ತಿಯಲ್ಲಿ ಆಪಲ್‌ನ ಎನ್‌ಕೋಡರ್ (ಕುಗ್ಗಿಸುವ ಕೆಲಸ ಮಾಡುವ ಭಾಗ) ಮೂಲಕ ಸಿಗುತ್ತದೆ, ವಿಂಡೋಸ್ ಬಳಸುವವರಿಗೆ ಆ ಭಾಗ್ಯವಿಲ್ಲ. 5.1 ಧ್ವನಿಯನ್ನು ಸ್ಟೀರಿಯೊ ಮಾಡಿದಾಗ ಮಾತು ಕ್ಷೀಣವಾಗಿ, ಫೈಟಿನ ಸದ್ದು ಕಿವಿಗೆ ಬಡಿಯುವಂತಾದರೆ, ಮೂಲ ಡಾಲ್ಬಿ ಡಿಜಿಟಲ್ ಆಗಿದ್ದಲ್ಲಿ ಡಿಆರ್‌ಸಿ ಎಂಬ, ಸದ್ದಿನ ಏರಿಳಿತ ತಗ್ಗಿಸುವ ಸೆಟ್ಟಿಂಗನ್ನು 1.5ರಿಂದ 2.5ರ ನಡುವೆ ಇಡಿ. ಬೇರೆ ಬಗೆಯ ಧ್ವನಿಗೆ ಅದು ಲೆಕ್ಕಕ್ಕಿಲ್ಲ, ಗೇನ್ (ಒಟ್ಟು ಧ್ವನಿಯ ಮಟ್ಟ) ಮಾತ್ರ ಏರಿಸಬಹುದು.

ಧ್ವನಿಯ 64, ಫೈಲಿನ ಚಿಲ್ಲರೆ ಖರ್ಚು ಕಳೆದು ಚಿತ್ರಕ್ಕೆ ಉಳಿದದ್ದು ಸುಮಾರು 285 ಕೆಬಿಪಿಎಸ್. ಇಷ್ಟರಲ್ಲಿ 1080ಪಿ ಬೇಕು ಅನ್ನುವುದು ದುರಾಸೆ. ಸ್ಕೋಪ್ (ಅಗಲ ಪರದೆಯ) ಸಿನಿಮಾದ ಮೇಲೆ ಕೆಳಗಿನ ಕಪ್ಪು ಪಟ್ಟಿ ಕತ್ತರಿಸಿದ ಮೇಲೂ 1920×804ರಲ್ಲಿ ಫ್ರೇಮಿಗೆ 15 ಲಕ್ಷ ಚಿಲ್ಲರೆ ಪಿಕ್ಸೆಲ್. ಅದನ್ನೇ 854 ಅಗಲಕ್ಕೆ ಇಳಿಸಿದರೆ ಮೂರು ಲಕ್ಷ. ಅದೇ ಬಿಟ್ಟುಗಳು ಐದನೇ ಒಂದು ಪಿಕ್ಸೆಲ್‌ಗಳಿಗೆ ಹಂಚಿಕೆಯಾಗುತ್ತವೆ. ಆರಿಂಚಿನ ಫೋನಿನಲ್ಲಿ, ಮೆಜೆಸ್ಟಿಕ್‌ನಿಂದ ಹೊರಟ ರಾತ್ರಿ ಬಸ್ಸಿನಲ್ಲಿ ಕೂತು ನೋಡುವವರಿಗೆ, ಮುಖವೆಲ್ಲ ಚೌಕ ಚೌಕವಾಗಿ ಒಡೆದ 1080ಪಿಗಿಂತ ನುಣುಪಾದ 480ಪಿ ನೂರು ಪಾಲು ಮೇಲು. ಡೈಮೆನ್ಷನ್ಸ್ ಟ್ಯಾಬಿನಲ್ಲಿ ರೆಸಲ್ಯೂಷನ್ ಲಿಮಿಟ್ ಕಸ್ಟಮ್ ಮಾಡಿ 854×480 ಕೊಡಿ, ಅನುಪಾತ ಅದೇ ನೋಡಿಕೊಳ್ಳುತ್ತದೆ. ಕ್ರಾಪಿಂಗ್ ಆಟೊಮ್ಯಾಟಿಕ್ ಇರಲಿ, ಆದರೆ ಪ್ರಿವ್ಯೂ ತೆರೆದು ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಸಿನಿಮಾದ ಅಲ್ಲಲ್ಲಿಂದ ಕೆಲವೇ ಫ್ರೇಮ್ ತೆಗೆದು ನೋಡಿ ಅದು ಅಂದಾಜು ಕಟ್ಟುವುದು. ಆ ಫ್ರೇಮುಗಳೆಲ್ಲ ಕತ್ತಲ ದೃಶ್ಯದವಾದರೆ ಚಿತ್ರವನ್ನೇ ಕತ್ತರಿಸಿಬಿಡುತ್ತದೆ. ಪ್ರಿಫರೆನ್ಸಸ್‌ನಲ್ಲಿ ಪ್ರಿವ್ಯೂ ಸಂಖ್ಯೆಯನ್ನು 10ರಿಂದ 30ಕ್ಕೆ ಏರಿಸಿಟ್ಟರೆ ಈ ತಾಪತ್ರಯ ಬಹುಪಾಲು ತಪ್ಪುತ್ತದೆ.

ಎನ್‌ಕೋಡರ್ ವಿಷಯದಲ್ಲಿ ಬಹಳ ವಾದ ನಡೆಯುತ್ತದೆ, ಇತ್ಯರ್ಥ ಮಾಡುವುದು ನೋಡುವ ಸಾಧನ. ಹಳೆಯ ಟಿವಿಯ ಯುಎಸ್‌ಬಿ ಕಿಂಡಿಗೆ ಪೆನ್‌ಡ್ರೈವ್ ಚುಚ್ಚಿ ನೋಡುವುದಾದರೆ ಎಚ್.264 ಬಿಟ್ಟು ಬೇರೆ ದಾರಿಯಿಲ್ಲ. 2003ರ ಈ ಕೋಡೆಕ್ ಓಡದ ಪೆಟ್ಟಿಗೆ ಹುಡುಕುವುದೇ ಕಷ್ಟ. ಫೋನಿಗೆ, ಲ್ಯಾಪ್‌ಟಾಪಿಗೆ 2013ರ ಎಚ್.265, ಅದರಲ್ಲೂ ಅದರ ಎನ್‌ಕೋಡರ್ 'ಎಕ್ಸ್265 10-ಬಿಟ್'. 8-ಬಿಟ್ ಮೂಲಕ್ಕೂ 10-ಬಿಟ್ ಯಾಕೆ ಅಂದರೆ, ಬಣ್ಣದ ಮೆಟ್ಟಿಲುಗಳು ಹೆಚ್ಚಿರುವುದರಿಂದ ಕಡಿಮೆ ಬಿಟ್‌ರೇಟಿನಲ್ಲಿ ಸಂಜೆಯ ಆಕಾಶ, ದೀಪದ ಸುತ್ತಲ ಮಬ್ಬು ಬೆಳಕು ಪಟ್ಟೆ ಪಟ್ಟೆಯಾಗಿ ಒಡೆಯುವುದು ಕಡಿಮೆಯಾಗುತ್ತದೆ. ವಿಂಡೋಸ್‌ನ ಸ್ವಂತ ಪ್ಲೇಯರ್ ಎಚ್.265ಕ್ಕೆ ದುಡ್ಡು ಕೊಟ್ಟು ಎಕ್ಸ್‌ಟೆನ್ಷನ್ ಕೊಳ್ಳಿ ಎಂದರೆ ವಿಎಲ್‌ಸಿ ಹಾಕಿಕೊಳ್ಳಿ, ಅದು ಏನೂ ಕೇಳುವುದಿಲ್ಲ. ಮೂರನೆಯದು ಎವಿ1. 1.6 ಆವೃತ್ತಿಯಿಂದ ಹ್ಯಾಂಡ್‌ಬ್ರೇಕ್‌ನಲ್ಲಿ ಇದರ ಎಸ್‌ವಿಟಿ ಎನ್‌ಕೋಡರ್ ಇದೆ. 300 ಎಂಬಿಯ ಆಸುಪಾಸಿನಲ್ಲಿ ಎಕ್ಸ್265ನ್ನೂ ಇದು ಹಿಂದೆ ಹಾಕುತ್ತದೆ ಎಂಬುದು ನಮ್ಮ ಅಭಿಪ್ರಾಯ. ನೋಡುವ ಫೋನ್ ತೀರಾ ಹಳೆಯದಾಗಿದ್ದರೆ ಮಾತ್ರ ಬ್ಯಾಟರಿ ಬೇಗ ಕರಗುತ್ತದೆ, ಯಾಕೆಂದರೆ ಡಿಕೋಡ್ (ಫೈಲ್ ಬಿಚ್ಚಿ ತೋರಿಸುವ) ಕೆಲಸವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ.

ಪಟ್ಟಿಯಲ್ಲಿ ಎನ್‌ವೆಂಕ್, ಕ್ಯುಎಸ್‌ವಿ, ವಿಡಿಯೊಟೂಲ್‌ಬಾಕ್ಸ್ ಅನ್ನುವ ಹೆಸರುಗಳೂ ಕಾಣುತ್ತವೆ. ಗ್ರಾಫಿಕ್ಸ್ ಚಿಪ್ ಬಳಸಿ ಮಾಡುವ ಎನ್‌ಕೋಡಿಂಗ್ ಅದು, ಗಂಟೆಗಟ್ಟಲೆ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ಅಷ್ಟೇ ಗುಣಮಟ್ಟಕ್ಕೆ ಫೈಲ್ ದೊಡ್ಡದಾಗುತ್ತದೆ. ಗಾತ್ರವೇ ಗುರಿಯಾಗಿರುವಾಗ ಆ ಆಸೆ ಬಿಡಬೇಕು. ಎಸ್‌ಪಿ ರಸ್ತೆಗೆ ಹೋಗಿ ಗ್ರಾಫಿಕ್ಸ್ ಕಾರ್ಡ್‌ಗೆ ಸುರಿಯುವ ದುಡ್ಡನ್ನು ಹೆಚ್ಚು ಕೋರ್ ಇರುವ ಪ್ರೊಸೆಸರ್‌ಗೆ ಹಾಕುವುದು ಈ ಕೆಲಸದ ಮಟ್ಟಿಗೆ ಜಾಣತನ. ಎನ್‌ಕೋಡರ್ ಪ್ರೀಸೆಟ್ 'ಸ್ಲೋ' ಸಾಕು. 'ವೆರಿ ಸ್ಲೋ', 'ಪ್ಲಸೀಬೊ' ಕೊಡುವ ಲಾಭ ಕಣ್ಣಿಗೆ ಕಾಣದಷ್ಟು, ತಿನ್ನುವ ಹೊತ್ತು ಮಾತ್ರ ಚೆನ್ನಾಗಿ ಕಾಣುತ್ತದೆ.

ಈಗ ಆರ್‌ಎಫ್ ಮತ್ತು ಸರಾಸರಿ ಬಿಟ್‌ರೇಟ್. ಆರ್‌ಎಫ್ ಅಂದರೆ 'ಗುಣಮಟ್ಟ ಇಷ್ಟಿರಲಿ, ಗಾತ್ರ ಎಷ್ಟಾದರೂ ಆಗಲಿ'. ಅಂಕಿ ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. 6 ಅಂಕ ಏರಿಸಿದರೆ ಬಿಟ್‌ರೇಟ್ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. 1080ಪಿಗೆ 20ರಿಂದ 24, 480ಪಿಗೆ 18ರಿಂದ 22 ಎಂದು ಹ್ಯಾಂಡ್‌ಬ್ರೇಕ್‌ನವರೇ ಹೇಳುತ್ತಾರೆ. ಪುಟ್ಟ ಫೈಲ್ ಬೇಕಾದವರು ಎಕ್ಸ್265ರಲ್ಲಿ 26ರವರೆಗೆ ಧೈರ್ಯವಾಗಿ ಏರಿಸಬಹುದು, 28 ದಾಟಿದರೆ ಕೆನ್ನೆಯೆಲ್ಲ ಮೇಣ ಸವರಿದಂತೆ ಕಾಣುತ್ತದೆ. ಗಾತ್ರ ಇಂತಿಷ್ಟೇ ಆಗಬೇಕು ಅಂದರೆ 'ಆವರೇಜ್ ಬಿಟ್‌ರೇಟ್' ಆರಿಸಿ 285 ಬರೆದು, ಮಲ್ಟಿ-ಪಾಸ್‌ಗೆ ಟಿಕ್ ಹಾಕಿ. ಮೊದಲ ಸುತ್ತಿನಲ್ಲಿ ಎಲ್ಲಿ ಫೈಟು, ಎಲ್ಲಿ ಬರೀ ಮಾತು ಎಂದು ಗುರುತು ಹಾಕಿಕೊಂಡು, ಎರಡನೆಯದರಲ್ಲಿ ಅದಕ್ಕೆ ತಕ್ಕಂತೆ ಹಂಚುತ್ತದೆ. ಮಲ್ಟಿ-ಪಾಸ್ ಇಲ್ಲದ ಸರಾಸರಿ ಬಿಟ್‌ರೇಟ್ ಎರಡು ಲೋಕಕ್ಕೂ ಸಲ್ಲದ್ದು. ಎಲ್ಲ ಸರಿ ಹೋಗಿಯೂ ವಿಂಡೋಸ್ 400ರ ಬದಲು 381 ಎಂದು ತೋರಿಸಿದರೆ ಏನೂ ಕಳೆದುಹೋಗಿಲ್ಲ, ಅದರ ಎಂಬಿ ಲೆಕ್ಕ 1024ರದ್ದು.

ಹಳೆಯ ಸಿನಿಮಾಗಳ ಪಾಡು ಬೇರೆ. ಫಿಲ್ಮಿನ ಮೇಲೆ ಪ್ರತಿ ಫ್ರೇಮಿನಲ್ಲೂ ರವೆಯಂತೆ ಕುಣಿಯುವ ಗ್ರೇನ್ ಇರುತ್ತದಲ್ಲ, ಎನ್‌ಕೋಡರ್ ಅದನ್ನು ಚಲನೆ ಎಂದೇ ಭಾವಿಸುತ್ತದೆ. ಯಾರೂ ಅಲುಗಾಡದೆ ನಿಂತ ದೃಶ್ಯಕ್ಕೂ ಫೈಟ್ ದೃಶ್ಯದಷ್ಟು ಬಿಟ್ ಸುರಿಯುತ್ತದೆ. ಫಿಲ್ಟರ್ಸ್ ಟ್ಯಾಬಿನಲ್ಲಿ ಡಿನಾಯ್ಸ್ ಎಂಬಲ್ಲಿ ಎನ್‌ಎಲ್‌ಮೀನ್ಸ್, ಪ್ರೀಸೆಟ್ 'ಲೈಟ್', ಟ್ಯೂನ್ 'ಫಿಲ್ಮ್' ಇಟ್ಟರೆ ಅದೇ ಆರ್‌ಎಫ್‌ನಲ್ಲಿ ಫೈಲ್ ಗಣನೀಯವಾಗಿ ಇಳಿಯುತ್ತದೆ. ವೇಗವೂ ಜೊತೆಗೇ ಇಳಿಯುತ್ತದೆ. ಎವಿ1 ಬಳಸುವವರಿಗೆ ಇನ್ನೊಂದು ಉಪಾಯವಿದೆ: ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಫಿಲ್ಮ್-ಗ್ರೇನ್ ಮೌಲ್ಯ 8, ಫಿಲ್ಮ್-ಗ್ರೇನ್-ಡಿನಾಯ್ಸ್ 1 ಕೊಟ್ಟರೆ, ಗ್ರೇನ್ ತೆಗೆದುಹಾಕಿ ಅದರ ಸ್ವರೂಪವನ್ನಷ್ಟೇ ಬರೆದಿಟ್ಟುಕೊಂಡು, ನೋಡುವ ಹೊತ್ತಿಗೆ ಪ್ಲೇಯರ್ ಅದನ್ನು ಮತ್ತೆ ಹುಟ್ಟಿಸುತ್ತದೆ. ಕಪ್ಪುಬಿಳುಪು ಚಿತ್ರಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ.

ಅಟ್ಟದ ಮೇಲಿನ ವಿಸಿಡಿಗಳ ಕಥೆಯನ್ನೂ ಹೇಳಬೇಕು. ಡಿಸ್ಕ್ ತೆರೆದು ಎಂಪಿಇಜಿಎವಿ ಎಂಬ ಫೋಲ್ಡರಿನಲ್ಲಿರುವ ಡಿಎಟಿ ಫೈಲನ್ನು ಮೊದಲು ಕಂಪ್ಯೂಟರಿಗೆ ಕಾಪಿ ಮಾಡಿ, ಕೊನೆಯ ಮೂರಕ್ಷರ ಎಂಪಿಜಿ ಎಂದು ಬದಲಿಸಿ. ಗೀರು ಬಿದ್ದ ವಿಸಿಡಿ ಕಾಪಿಯಾಗುವಾಗ ಮಧ್ಯದಲ್ಲೇ ನಿಂತುಬಿಡುವುದಕ್ಕೆ ಕಾರಣವಿದೆ: ಜಾಗ ಉಳಿಸಲು ವಿಸಿಡಿಯ ವಿಡಿಯೊ ಭಾಗದಲ್ಲಿ ತಪ್ಪು ತಿದ್ದುವ ಒಂದು ಪದರವನ್ನೇ ಬಿಟ್ಟಿದ್ದಾರೆ. ಚಿತ್ರ 352×288, ಅದನ್ನು ದೊಡ್ಡದು ಮಾಡುವ ಚಪಲ ಬೇಡ. ಸಿನಿಮಾ ಎರಡೋ ಮೂರೋ ಡಿಸ್ಕಿನಲ್ಲಿರುತ್ತದೆ, ಹ್ಯಾಂಡ್‌ಬ್ರೇಕ್‌ಗೆ ಫೈಲುಗಳನ್ನು ಜೋಡಿಸಲು ಬರುವುದಿಲ್ಲ. ಇಷ್ಟು ವರ್ಷವಾದರೂ ಆ ಸೌಲಭ್ಯ ಸೇರಿಸದ್ದು ನಿಜಕ್ಕೂ ಬೇಸರದ ಸಂಗತಿ. ಭಾಗಗಳನ್ನು ಒಂದೇ ಸೆಟ್ಟಿಂಗಿನಲ್ಲಿ ಎಂಕೆವಿ ಬಗೆಯ ಫೈಲ್ ಮಾಡಿ, ಆಮೇಲೆ ಎಂಕೆವಿಟೂಲ್‌ನಿಕ್ಸ್ ಎಂಬ ಸಾಫ್ಟ್‌ವೇರಿನಲ್ಲಿ 'ಅಪೆಂಡ್' (ಒಂದರ ಹಿಂದೆ ಒಂದು ಜೋಡಣೆ) ಮಾಡಬೇಕು. ಡಿವಿಡಿಯಾದರೆ ವಿಒಬಿ ಫೈಲುಗಳನ್ನು ಒಂದೊಂದಾಗಿ ಕೊಡಬೇಡಿ, ವಿಡಿಯೊ_ಟಿಎಸ್ ಫೋಲ್ಡರನ್ನೇ ಕೊಡಿ. ತಲೆ ತಿರುಗಿಸಿದಾಗ ಮುಖದ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ಅದು ಇಂಟರ್ಲೇಸ್ಡ್ (ಗೆರೆ ಬಿಟ್ಟು ಗೆರೆ ದಾಖಲಾದ) ವಿಡಿಯೊ, ಡಿಕೋಂಬ್ ಫಿಲ್ಟರ್ ಹಾಕಿ. ಹಾಕದೆ ಕುಗ್ಗಿಸಿದರೆ ಗೆರೆಗಳು ಶಾಶ್ವತ, ಮೇಲಾಗಿ ಬಿಟ್ಟೂ ದಂಡ.

ಬೀಗ ಹಾಕಿದ ಡಿಸ್ಕನ್ನು, ಓಟಿಟಿ ಆ್ಯಪಿನೊಳಗೆ ಡೌನ್‌ಲೋಡ್ ಆದ ಸಿನಿಮಾವನ್ನು ಹ್ಯಾಂಡ್‌ಬ್ರೇಕ್ ತೆರೆಯುವುದಿಲ್ಲ, ತೆರೆಸಲು ಹೋಗುವುದು ಕಾನೂನಿನ ತಂಟೆ. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಸಿನಿಮಾದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. ಕುಗ್ಗಿಸಿದ ಫೈಲನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಂಚುವ ಮೊದಲು ಇದು ನೆನಪಿರಲಿ.

ಯಾವ ಹಕ್ಕಿನ ತಕರಾರೂ ಇಲ್ಲದೆ ಬೆಂಗಳೂರಿನ ಮನೆಮನೆಯಲ್ಲೂ ಇರುವ ಪೂರ್ಣಾವಧಿ ಚಿತ್ರ ಅಂದರೆ ಮದುವೆ ವಿಡಿಯೊ. ಸ್ಟುಡಿಯೊದವರು 4ಕೆಯಲ್ಲಿ, ಸೆಕೆಂಡಿಗೆ 50 ಮೆಗಾಬಿಟ್‌ನಲ್ಲಿ ಕೊಟ್ಟ ನಾಲ್ಕು ಗಂಟೆಯ ಮದುವೆ 90 ಜಿಬಿ. ಇದನ್ನು 400 ಎಂಬಿ ಮಾಡಲು ಹೋಗಬೇಡಿ. ಧಾರೆ ಸೀರೆಯ ಜರಿ, ಮಂಟಪದ ಸೀರಿಯಲ್ ಲೈಟು, ಗಾಳಿಯಲ್ಲಿ ತೂರುವ ಅಕ್ಷತೆ, ಈ ಮೂರಕ್ಕಿಂತ ಎನ್‌ಕೋಡರ್‌ಗೆ ದೊಡ್ಡ ಶತ್ರುಗಳಿಲ್ಲ. ಪ್ರತಿ ಅಕ್ಕಿಕಾಳೂ ಬೇರೆ ದಿಕ್ಕಿಗೆ ಹಾರುತ್ತದೆ, ಹಿಂದಿನ ಫ್ರೇಮಿನಿಂದ ಊಹಿಸಲು ಅಲ್ಲಿ ಏನೂ ಇರುವುದಿಲ್ಲ. ಬಿಟ್ ಸಾಲದಿದ್ದರೆ ಸರಿಯಾಗಿ ಮಾಂಗಲ್ಯಧಾರಣೆಯ ಗಳಿಗೆಯಲ್ಲೇ ಇಡೀ ಪರದೆ ಕಲಸಿಹೋಗುತ್ತದೆ. 1080ಪಿಗೆ ಇಳಿಸಿ, ಎಕ್ಸ್265 10-ಬಿಟ್, ಸರಾಸರಿ 2000 ಕೆಬಿಪಿಎಸ್, ಮಲ್ಟಿ-ಪಾಸ್, ಆಡಿಯೊ ಎಎಸಿ 128. ಲೆಕ್ಕ ಹಾಕಿದರೆ 3.83 ಜಿಬಿ. ಧ್ವನಿಯನ್ನು ಇದಕ್ಕಿಂತ ಇಳಿಸಿದರೆ ಗಟ್ಟಿಮೇಳದಲ್ಲಿ ನಾದಸ್ವರ, ಡೋಲು ಎರಡೂ ಕಲೆತು ಬರೀ ಗೌಜು ಕೇಳಿಸುತ್ತದೆ. 4 ಜಿಬಿಯೊಳಗೆ ನಿಲ್ಲಿಸಿದ್ದಕ್ಕೂ ಕಾರಣವುಂಟು: ಹಳೆಯ ಟಿವಿಗಳು ಓದುವ ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಅದಕ್ಕಿಂತ ದೊಡ್ಡ ಫೈಲನ್ನು ಒಪ್ಪುವುದಿಲ್ಲ. ಅಜ್ಜಿ ಮನೆಯ ಟಿವಿಗೆ ಎಚ್.265 ಓಡದಿದ್ದರೆ ಅದೇ ಬಿಟ್‌ರೇಟಿನಲ್ಲಿ ಎಚ್.264 ಮಾಡಿ, 720ಪಿಗೆ ಇಳಿಸಿ. ಫೋನಿನಲ್ಲಿ ತೆಗೆದ ತುಣುಕುಗಳಿಗೆ ಫ್ರೇಮ್‌ರೇಟ್ 'ಕಾನ್‌ಸ್ಟಂಟ್' ಇಡಿ. ಫೋನುಗಳು ಫ್ರೇಮ್‌ರೇಟನ್ನು ಏರಿಳಿಸುತ್ತಲೇ ಇರುತ್ತವೆ, ಕೆಲವು ಟಿವಿಗಳಲ್ಲಿ ತುಟಿಗೂ ಮಾತಿಗೂ ಹೊಂದಿಕೆ ತಪ್ಪುತ್ತದೆ.

ಕನ್ನಡ ಸಬ್‌ಟೈಟಲ್ ಇದ್ದರೆ ಒಂದು ಕಿವಿಮಾತು. ಎಷ್ಟೋ ಟಿವಿಗಳಿಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. 'ಸ್ತ್ರೀ' ಅನ್ನುವುದು ಸ, ತ, ರ ಎಂದು ಬಿಡಿಬಿಡಿಯಾಗಿ, ನಡುವೆ ಅನಾಥ ಹಲಂತ, ದೀರ್ಘದ ಚಿಹ್ನೆಗಳೊಂದಿಗೆ ಬೀಳುತ್ತದೆ, ಇಲ್ಲವೇ ಬರೀ ಚೌಕ. ಸಬ್‌ಟೈಟಲಿನ ಎಸ್‌ಆರ್‌ಟಿ ಫೈಲನ್ನು ಇಂಪೋರ್ಟ್ ಮಾಡಿ, ಕ್ಯಾರೆಕ್ಟರ್ ಕೋಡ್ ಯುಟಿಎಫ್-8 ಇಟ್ಟು, 'ಬರ್ನ್ ಇನ್' ಟಿಕ್ ಮಾಡಿದರೆ ಅಕ್ಷರ ಚಿತ್ರದೊಳಗೇ ಅಚ್ಚಾಗುತ್ತದೆ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಫಾಂಟ್ ಇರುವುದರಿಂದ ಒತ್ತಕ್ಷರ ಸರಿಯಾಗಿ ಬರುತ್ತದೆ. ಹಿಂದೆ ನುಡಿಯಲ್ಲೋ ಬರಹದಲ್ಲೋ ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಿಸಿದ ಫೈಲಾದರೆ ಪರದೆ ತುಂಬ ಅರ್ಥವಿಲ್ಲದ ರೋಮನ್ ಅಕ್ಷರ ಕಾಣುತ್ತದೆ, ಮೊದಲು ಅದನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಸಮಯದ ಅಂದಾಜು ಹೀಗೆ. 24 ಫ್ರೇಮಿನ ಎರಡೂವರೆ ಗಂಟೆಯ ಸಿನಿಮಾದಲ್ಲಿ 2,16,000 ಫ್ರೇಮ್. ಕೆಳಗಿನ ಪಟ್ಟಿಯಲ್ಲಿ ಸೆಕೆಂಡಿಗೆ 30 ಫ್ರೇಮ್ ಎಂದು ತೋರಿಸಿದರೆ ಎರಡು ಗಂಟೆ, 10 ಎಂದರೆ ಆರು ಗಂಟೆ, ಮಲ್ಟಿ-ಪಾಸ್ ಆದರೆ ಮೊದಲ ಸುತ್ತಿನ ಹೊತ್ತು ಬೇರೆ. ಅದಕ್ಕೇ ಪೂರ್ತಿ ಸಿನಿಮಾಕ್ಕೆ ಕೈಹಾಕುವ ಮೊದಲು ರೇಂಜ್ ಎಂಬಲ್ಲಿ 'ಸೆಕೆಂಡ್ಸ್' ಆರಿಸಿ, ಕತ್ತಲೆ ಕೋಣೆಯ ಒಂದು ನಿಮಿಷ, ಮಳೆಯಲ್ಲೋ ಗುಂಪಿನಲ್ಲೋ ಕುಣಿಯುವ ಹಾಡಿನ ಒಂದು ನಿಮಿಷ ಮಾಡಿ ನೋಡಿ. ಆರ್‌ಎಫ್‌ನಲ್ಲಿ ಈ ಎರಡೂ ಚೆನ್ನಾಗಿ ಬಂದರೆ ಉಳಿದದ್ದರ ಚಿಂತೆಯಿಲ್ಲ. ರಾತ್ರಿ ಕ್ಯೂಗೆ ಹಾಕಿ, 'ವೆನ್ ಡನ್' ಎಂಬಲ್ಲಿ ಶಟ್‌ಡೌನ್ ಇಟ್ಟು ಮಲಗಬಹುದು. ಏಪ್ರಿಲ್ ಸೆಕೆಯಲ್ಲಿ ಲ್ಯಾಪ್‌ಟಾಪನ್ನು ಹಾಸಿಗೆ ಮೇಲಿಡಬೇಡಿ, ಬಿಸಿಯಾದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಎಂಪಿ4 ಬದಲು ಎಂಕೆವಿ ಆರಿಸಿ. ಬೆಸ್ಕಾಂ ಕೈಕೊಟ್ಟ ಹೊತ್ತಿಗೆ ಅರ್ಧವಾಗಿದ್ದ ಎಂಪಿ4 ತೆರೆಯುವುದೇ ಇಲ್ಲ, ಅದರ ಸೂಚಿ ಬರೆಯುವುದು ಕಟ್ಟಕಡೆಗೆ. ಎಂಕೆವಿಯಾದರೆ ನಿಂತಲ್ಲಿಯವರೆಗೆ ಸಾಮಾನ್ಯವಾಗಿ ಓಡುತ್ತದೆ. ನಿಂತಲ್ಲಿಂದ ಮುಂದುವರಿಸುವ ಅನುಕೂಲ ಮಾತ್ರ ಇಲ್ಲ, ಮತ್ತೆ ಮೊದಲಿನಿಂದ.

ಒಟ್ಟಿನಲ್ಲಿ ಇನ್ನೂ ಎರಡು ಕೊರತೆ. ಹಿಂದೆ 'ಇಷ್ಟು ಎಂಬಿ ಬೇಕು' ಎಂದು ಬರೆಯುವ ಜಾಗವೇ ಇತ್ತು, ತೆಗೆದುಹಾಕಿದ್ದಾರೆ. ಗಾತ್ರಕ್ಕಿಂತ ಗುಣಮಟ್ಟ ಮುಖ್ಯ ಎಂಬುದು ಅವರ ನಿಲುವು, ಆದರೆ 32 ಜಿಬಿ ಫೋನ್ ಇಟ್ಟುಕೊಂಡವರ ಕಷ್ಟ ಅವರಿಗೆ ತಿಳಿದಂತಿಲ್ಲ. ಇನ್ನೊಂದು, ಬರೀ ಆರಂಭದ ಜಾಹೀರಾತು ಕತ್ತರಿಸಲು ಹೋದರೂ ಇದು ಇಡೀ ಫೈಲನ್ನು ಮತ್ತೆ ಎನ್‌ಕೋಡ್ ಮಾಡುತ್ತದೆ. ಕತ್ತರಿಸುವುದಷ್ಟೇ ಕೆಲಸವಾದರೆ ಲಾಸ್‌ಲೆಸ್‌ಕಟ್ ಎಂಬ ಸಾಫ್ಟ್‌ವೇರ್ ಬಳಸಿ. ಮೂಲ ಫೈಲನ್ನು ಅಳಿಸುವ ಮೊದಲು ಹೊಸದರ ಕೊನೆಯ ಹತ್ತು ನಿಮಿಷ ನೋಡಿ, ಧ್ವನಿ ಹಿಂದೆ ಮುಂದೆ ಸರಿದಿದ್ದರೆ ಅಲ್ಲೇ ಗೊತ್ತಾಗುವುದು. ಮದುವೆ ವಿಡಿಯೊದ 90 ಜಿಬಿ ಮೂಲವನ್ನಂತೂ ಅಳಿಸಬೇಡಿ, ಒಂದು ಹಾರ್ಡ್‌ಡಿಸ್ಕಿಗೆ ಹಾಕಿ ಬೀರುವಿನಲ್ಲಿಡಿ.